ಮನೆಯವರಿಗೆ ತಿಳಿಸಲಾಗಿದೆ

ನನ್ನ ಕೆಳದವಡೆ ಚಿಕ್ಕಂದಿನಿಂದಲೂ ಮುಂದಕ್ಕಿತ್ತು. ಬಾಯಿ ಮುಚ್ಚಿದರೆ ಕೆಳಗಿನ ಸಾಲಿನ ಹಲ್ಲು ಮೇಲಿನ ಸಾಲಿನ ಮುಂದೆ ಬಂದು ಕೂರುತ್ತಿತ್ತು. ಅಪ್ಪನದೂ ಥೇಟ್ ಹಾಗೇ. ನಂದಗುಡಿಯಲ್ಲಿ ಬಸ್ಸಿಳಿದರೆ ನನ್ನ ಹೆಸರು ಗೊತ್ತಿಲ್ಲದವರೂ ಗದ್ದ ನೋಡಿ, "ನೀನು ಅವರ ಮಗಳಲ್ವೇನಮ್ಮ?" ಅನ್ನುತ್ತಿದ್ದರು. ಸೀಬೆಹಣ್ಣನ್ನು ಎಲ್ಲರ ಹಾಗೆ ಮುಂದಿನ ಹಲ್ಲಿನಲ್ಲಿ ಕಚ್ಚಿ ತಿನ್ನುವುದು ನಮ್ಮಿಬ್ಬರಿಂದಲೂ ಆಗುತ್ತಿರಲಿಲ್ಲ. ಅಪ್ಪ ಜಗಲಿ ಮೇಲೆ ಕೂತು ಚಾಕುವಿನಿಂದ ಹೋಳು ಮಾಡಿ, ಒಂದು ನನಗೆ ಒಂದು ತನಗೆ ಅಂತ ಹಂಚುತ್ತಿದ್ದರು. ಅಣ್ಣ ಬಂದು ಕೈಚಾಚಿದರೆ, "ಹೋಗೋ, ನಿಂಗೆ ಹಲ್ಲು ನೆಟ್ಟಗಿದೆಯಲ್ಲ, ಕಚ್ಕೊಂಡು ತಿನ್ನು," ಅಂತ ಓಡಿಸುತ್ತಿದ್ದರು. ನನಗೆ ಅದೊಂದು ದೊಡ್ಡಸ್ತಿಕೆ.

ಆ ದೊಡ್ಡಸ್ತಿಕೆ ಕಾಲೇಜಿಗೆ ಹೋಗುವ ಹೊತ್ತಿಗೆ ಇಳಿದುಹೋಯಿತು. ಫೋಟೋ ತೆಗೆಯುವವರು ಪಕ್ಕಕ್ಕೆ ತಿರುಗಿ ಅಂದರೆ ನಾನು ತಿರುಗುತ್ತಿರಲಿಲ್ಲ. ನಗುವಾಗ ಕೈ ತಾನಾಗಿಯೇ ಬಾಯಿಗೆ ಹೋಗುತ್ತಿತ್ತು. ಮದುವೆಯಾಯಿತು, ಮಗಳು ಹುಟ್ಟಿದಳು, ನಂದಗುಡಿ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿಗೆ ಮೇಡಂ ಆದೆ. ಗಂಡನಿಗೆ ಹೊಸಕೋಟೆಯ ಆಚೆ ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಹಾಗಾಗಿ ಮನೆ ಹೊಸಕೋಟೆಯಲ್ಲೇ. ಮೂವತ್ತು ದಾಟಿದ ಮೇಲೆ ಕಿವಿಯ ಮುಂದೆ ನೋವು ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತಿತ್ತು, ಆಕಳಿಸಿದರೆ ದವಡೆ ಕಟ್ ಅನ್ನುತ್ತಿತ್ತು. ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು. ಕೆಳದವಡೆಯ ಮೂಳೆಯನ್ನು ಎರಡೂ ಕಡೆ ಕೊಯ್ದು, ಹಿಂದಕ್ಕೆ ಸರಿಸಿ, ಪ್ಲೇಟು ಸ್ಕ್ರೂ ಹಾಕಿ ಕೂರಿಸುತ್ತೇವೆ ಅಂದರು.

ನೋವಿಗೆ ಮಾಡಿಸಿಕೊಂಡೆ ಅಂತ ಎಲ್ಲರಿಗೂ ಹೇಳಿದ್ದೇನೆ. ಅದು ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲು, ಒಂದು ಸಲವಾದರೂ ಪಕ್ಕಕ್ಕೆ ತಿರುಗಿ ನಿಂತು ಫೋಟೋ ತೆಗೆಸಿಕೊಳ್ಳಬೇಕು ಅನ್ನುವ ಆಸೆ. ಅದರ ಹಿಂದಿನ ವರ್ಷ ಅಪ್ಪ ತೀರಿಕೊಂಡಿದ್ದರು. ಅವರು ಇದ್ದಿದ್ದರೆ ನಾನು ಆ ಮಾತೇ ಎತ್ತುತ್ತಿರಲಿಲ್ಲ.

ವರ್ಷಕ್ಕೂ ಮೇಲೆ ಹಲ್ಲಿಗೆ ಕ್ಲಿಪ್ಪು ಹಾಕಿಸಿಕೊಂಡು, ಬೇಸಿಗೆ ರಜೆಯಲ್ಲಿ ಆಪರೇಷನ್ನಿಗೆ ಸೇರಿದೆ. ಹಿಂದಿನ ದಿನ ಸಂಜೆ ನರ್ಸಮ್ಮ ನಾಲ್ಕೈದು ಹಾಳೆ ತಂದರು. ಎಲ್ಲಾ ಇಂಗ್ಲಿಷಿನಲ್ಲಿ. ಸಹಿ ಹಾಕಬೇಕಾದ ಕಡೆಯೆಲ್ಲ ಪೆನ್ಸಿಲಿನಲ್ಲಿ ಗುರುತು ಮಾಡಿದ್ದರು. "ಏನಿದೆ ಇದರಲ್ಲಿ?" ಅಂದೆ. "ಮಾಮೂಲಿ ಮೇಡಂ, ಎಲ್ಲರಿಗೂ ಇದೇ," ಅಂದರು. ದಿನಾ ಮಕ್ಕಳಿಗೆ "ಓದಿ ಬರೀರಿ" ಅಂತ ಹೇಳುವ ನಾನು ಓದದೆ ಐದು ಕಡೆ ಸಹಿ ಹಾಕಿದೆ.

ಎಚ್ಚರವಾದಾಗ ಬಾಯಿಗೆ ರಬ್ಬರ್ ಬ್ಯಾಂಡಿನ ಕಟ್ಟು. ಮುಖ ಕುಂಬಳಕಾಯಿಯಷ್ಟು ಊದಿತ್ತು. ಕೆಳತುಟಿಯೂ ಗದ್ದವೂ ನನ್ನವಲ್ಲ ಅನ್ನಿಸಿತು. ಯಾರದೋ ಮಾಂಸದ ತುಂಡನ್ನು ತಂದು ಅಂಟಿಸಿದ ಹಾಗೆ. ಮೂರನೇ ದಿನ ಸರ್ಜನ್ ರೌಂಡ್ಸಿಗೆ ಬಂದಾಗ ಬೆರಳಿನಿಂದ ಗದ್ದ ತಟ್ಟಿ ಸನ್ನೆಯಲ್ಲೇ ಕೇಳಿದೆ. "ಜೋಮಾ? ಎಲ್ಲರಿಗೂ ಆಗುತ್ತಮ್ಮ. ಆರು ತಿಂಗಳಲ್ಲಿ ಬಂದ್ಬಿಡುತ್ತೆ," ಅಂದರು. ಗಂಡ ಮಂಚದ ಕಾಲಿನ ಹತ್ತಿರ ನಿಂತಿದ್ದರು. ಅವರೂ ತಲೆಯಾಡಿಸಿದರು.

ಅಮ್ಮ ಊರಿಂದ ಬಂದು ಆರು ವಾರ ಇದ್ದು ನೋಡಿಕೊಂಡಳು. ರಾಗಿ ಅಂಬಲಿ, ಸೋಸಿದ ಬೇಳೆ ಕಟ್ಟು, ಮಜ್ಜಿಗೆ. ರಬ್ಬರ್ ಬಿಚ್ಚಿದ ದಿನ ಮೊದಲು ಕೊಟ್ಟಿದ್ದು ಮುದ್ದೆ. "ಅಗಿಯೋ ಹಂಗಿಲ್ಲ, ಏನಿಲ್ಲ, ನುಂಗು," ಅಂದಳು. ಕಟ್ಟು ಬಿಚ್ಚಿದ ಬಾಯಲ್ಲಿ ಮೊದಲು ನಕ್ಕಿದ್ದು ಆ ಮಾತಿಗೆ.

ಬಲಗಡೆ ಮೂರನೇ ತಿಂಗಳಿಗೆ ಇರುವೆ ಹರಿದ ಹಾಗಾಗಿ, ಚುರುಚುರು ಅಂದು, ಆಮೇಲೆ ಪೂರ್ತಿ ಜೀವ ಬಂತು. ಎಡಗಡೆ ತುಟಿಯ ಮೂಲೆಯಿಂದ ಗದ್ದದ ತುದಿಯವರೆಗೆ ಬರಲಿಲ್ಲ. ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾದೆ. ದಿನಾ ಬೆಳಗ್ಗೆ ಸ್ನಾನ ಮಾಡಿ ಕನ್ನಡಿ ಮುಂದೆ ನಿಲ್ಲುವುದು, ಕಣ್ಣು ಮುಚ್ಚಿಕೊಂಡು ಒದ್ದೆ ಸೆರಗಿನ ತುದಿಯನ್ನು ಬಲಗಡೆಯಿಂದ ಎಡಗಡೆಗೆ ಎಳೆಯುವುದು. ಬಲಗಡೆ ತಣ್ಣಗೆ. ನಡುವೆ ತಣ್ಣಗೆ. ಆಮೇಲೆ ಬಟ್ಟೆ ಎಲ್ಲಿಗೆ ಹೋಯಿತೋ ಗೊತ್ತಾಗುತ್ತಿರಲಿಲ್ಲ. ಕೆಲವು ದಿನ, ಹೋ, ಇವತ್ತು ಸ್ವಲ್ಪ ಮುಂದೆ ಬಂತು ಅಂತ ಅನ್ನಿಸುತ್ತಿತ್ತು. ಮರುದಿನ ಮತ್ತೆ ಅಲ್ಲೇ. ನಾನು ಕನ್ನಡಿ ಮುಂದೆ ನಿಂತ ಹೊತ್ತಿಗೆ ಸರಿಯಾಗಿ ಗಂಡ ಬೈಕು ಒರೆಸಲು ಹೊರಗೆ ಹೋಗುತ್ತಿದ್ದರು.

ತುಟಿ ಅನ್ನುವುದು ಎಷ್ಟು ಕೆಲಸಕ್ಕೆ ಬೇಕು ಅಂತ ಅದು ಹೋಗುವವರೆಗೆ ನನಗೆ ತಿಳಿದಿರಲಿಲ್ಲ. ಒಂದನೇ ತರಗತಿಯಲ್ಲಿ ಪ ಫ ಬ ಭ ಮ ಹೇಳಿಕೊಡಬೇಕು. ಎರಡು ತುಟಿ ಕೂಡಿಸಿ ಬಿಡುವ ಅಕ್ಷರಗಳು. ನನ್ನ ಎಡಗಡೆಯಿಂದ ಗಾಳಿ ಸೋರಿ ಪ ಅನ್ನುವುದು ಫ ಆಗುತ್ತಿತ್ತು. ಮಕ್ಕಳು ನಾನು ಹೇಳಿದಂತೆಯೇ ಹೇಳುವವರು. ಇಪ್ಪತ್ತು ಮಕ್ಕಳು ಒಟ್ಟಿಗೆ "ಫದಕ" ಅಂದಾಗ ನಾನು ಕರಿಹಲಗೆ ಕಡೆ ತಿರುಗಿಕೊಂಡೆ. ಕಾಫಿ ಸುಟ್ಟರೆ ಬೊಬ್ಬೆ ಎದ್ದ ಮೇಲೆ ಗೊತ್ತಾಗುತ್ತಿತ್ತು. ತುಟಿಗೆ ಅನ್ನದ ಅಗುಳು ಅಂಟಿದ್ದರೆ ಎದುರಿಗಿದ್ದವರ ಕಣ್ಣು ನೋಡಿ ತಿಳಿಯಬೇಕಿತ್ತು.

ಒಮ್ಮೆ ಶಾಲೆಯಿಂದ ದೇವನಹಳ್ಳಿ ಕೋಟೆ ತೋರಿಸಿ, ನಲ್ಲೂರಿನ ಹುಣಸೆತೋಪಿಗೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ನಾಲ್ಕು ಜನ ಕೈಹಿಡಿದು ನಿಂತರೂ ತಬ್ಬಲಾಗದ ಮರಗಳು. ಮಕ್ಕಳು ಕೆಳಗೆ ಬಿದ್ದ ಹುಣಸೆಕಾಯಿ ಆರಿಸಿ, ಉಪ್ಪು ಖಾರ ಹಚ್ಚಿ, ಕಣ್ಣು ಕಿರಿದು ಮಾಡಿಕೊಂಡು ಚೀಪುತ್ತಿದ್ದರು. ನನಗೂ ಒಂದು ಕೊಟ್ಟರು. ಹುಳಿ ನಾಲಗೆಗೆ ತಗುಲಿತು. ಖಾರ ಬಲತುಟಿಗೆ ಉರಿಯಿತು. ಎಷ್ಟೋ ವರ್ಷದ ಮೇಲೆ ಹುಣಸೆ ತಿಂದ ಖುಷಿಯಲ್ಲಿ ಕಚ್ಚುತ್ತಲೇ ಇದ್ದೆ. ಒಬ್ಬಳು ಹುಡುಗಿ, "ಮಿಸ್, ರಕ್ತ!" ಅಂತ ಕಿರುಚಿದಳು. ಕೈಯಿಟ್ಟು ನೋಡಿದರೆ ಗದ್ದದ ಮೇಲೆಲ್ಲ ರಕ್ತ. ಹುಣಸೆ ಜೊತೆ ನನ್ನ ತುಟಿಯನ್ನೇ ಕಚ್ಚಿಕೊಂಡಿದ್ದೆ. ನೋವೇ ಇಲ್ಲ. ಒಂದಿಷ್ಟು ನೋವಾಗಲಿ ದೇವರೇ ಅಂತ ಆ ಮರದ ಕೆಳಗೆ ನಿಂತು ಬೇಡಿಕೊಂಡೆ.

ಇನ್ನೊಂದು ವಿಷಯ ಯಾರಿಗೂ ಹೇಳಿರಲಿಲ್ಲ. ಮಗಳು ಶಾಲೆಗೆ ಹೊರಡುವಾಗ ಮುತ್ತು ಕೊಡುತ್ತಿದ್ದೆ. ಅವಳ ಕೆನ್ನೆ ನನ್ನ ಬಲತುಟಿಗೆ ಸಿಗುವ ಹಾಗೆ ಮುಖ ಓರೆ ಮಾಡಿಕೊಳ್ಳುತ್ತಿದ್ದೆ. ಅವಳಿಗೆ ಅದು ಆಟ ಅನ್ನಿಸಿ ತಾನೂ ಓರೆ ಮಾಡುತ್ತಿದ್ದಳು. ಪೂರಾ ತುಟಿಯಿಂದ ಮಗಳಿಗೆ ಒಂದು ಮುತ್ತು ಕೊಡಬೇಕು ಅನ್ನುವ ಆಸೆ ಎಷ್ಟು ದೊಡ್ಡದು ಅಂತ ಹೇಳಿದರೆ ಜನ ನಗಬಹುದು.

ಇಷ್ಟರ ಜೊತೆಗೆ ಹಲ್ಲೂ ಸರಿ ಕೂತಿರಲಿಲ್ಲ. ಬಾಯಿ ಮುಚ್ಚಿದರೆ ಬಲಗಡೆ ಹಿಂದಿನ ಎರಡು ಹಲ್ಲು ಮಾತ್ರ ಕೂಡುತ್ತಿದ್ದವು. ಎಡಗಡೆ ಸಂದು. ನೋವು ಮತ್ತೆ ಬಂತು, ಮೊದಲಿಗಿಂತ ಜಾಸ್ತಿ. ಸರ್ಜನ್ ಹತ್ತಿರ ಹೋದಾಗಲೆಲ್ಲ, "ಟೈಮ್ ಕೊಡಮ್ಮ, ಸೆಟ್ಲ್ ಆಗುತ್ತೆ," ಅನ್ನುತ್ತಿದ್ದರು. ಹೀಗೇ ಎರಡು ವರ್ಷ ಕಳೆಯಿತು.

ಕೊನೆಗೆ ನಮ್ಮ ಶಾಲೆಯ ಹೆಡ್ ಮೇಡಂ ಬೈದು, ಬೆಂಗಳೂರಿನ ಸರ್ಕಾರಿ ದಂತ ಆಸ್ಪತ್ರೆಯಲ್ಲಿದ್ದ ಒಬ್ಬ ಹಿರಿಯ ಡಾಕ್ಟರಮ್ಮನ ಹತ್ತಿರ ಕಳಿಸಿದರು. ಆಕೆ ಬಾಯೊಳಗೆ ನೋಡಿದರು, ಹತ್ತಿಯ ಎಳೆಯಿಂದ ಗದ್ದ ಮುಟ್ಟಿ ಮುಟ್ಟಿ ಕೇಳಿದರು. ಆಮೇಲೆ, "ಹಳೇ ಎಕ್ಸ್‌ರೇ, ಆಪರೇಷನ್ ನೋಟ್ಸ್ ಎಲ್ಲಿ?" ಅಂದರು. ನನ್ನ ಹತ್ತಿರ ಇದ್ದಿದ್ದು ಒಂದು ಹಾಳೆಯ ಡಿಸ್ಚಾರ್ಜ್ ಸಮ್ಮರಿ. ಅದರಲ್ಲಿ ಬರೆದಿದ್ದು, ಆಪರೇಷನ್ ಆಯಿತು, ರೋಗಿ ಆರಾಮಾಗಿದ್ದಾರೆ, ಇಷ್ಟೇ.

"ಒಳಗೆ ಏನು ಮಾಡಿದ್ದಾರೆ ಅಂತ ಗೊತ್ತಾಗದೆ ನಾನು ಮುಂದಿನ ಮಾತು ಹೇಳೋಕಾಗಲ್ಲಮ್ಮ. ಪೂರ್ತಿ ಫೈಲಿನ ನಕಲು ತಗೊಂಡು ಬನ್ನಿ."

"ಕೊಡ್ತಾರಾ ಮೇಡಂ?"

"ಕೊಡಲೇಬೇಕು. ಕೇಳಿದ ಎಪ್ಪತ್ತೆರಡು ಗಂಟೆಯೊಳಗೆ ಕೊಡಬೇಕು ಅಂತ ನಮಗೆ ನಿಯಮ ಇದೆ. ಫೈಲು ಇಟ್ಟುಕೊಳ್ಳೋದು ಆಸ್ಪತ್ರೆ. ಒಳಗೆ ಇರೋದು ನಿಮ್ಮ ವಿಷಯ."

ಆ ಕೊನೆಯ ಮಾತನ್ನು ಹೊಸಕೋಟೆಗೆ ಬರುವ ಬಸ್ಸಿನಲ್ಲಿ ಎಷ್ಟು ಸಲ ಹೇಳಿಕೊಂಡೆನೋ.

ಮರುವಾರ ರಜೆ ಹಾಕಿ ಆಸ್ಪತ್ರೆಗೆ ಹೋದೆ. ಕೌಂಟರಿನ ಹುಡುಗಿ ಕಂಪ್ಯೂಟರಿನಿಂದ ತಲೆಯೆತ್ತದೆ, "ಫೈಲು ಪೇಷೆಂಟಿಗೆ ಕೊಡಲ್ಲ ಮೇಡಂ. ಇನ್ಶೂರೆನ್ಸಿಗಾದ್ರೆ ಅವರೇ ಕೇಳ್ತಾರೆ," ಅಂದಳು. ಸರ್ಜನ್ ಹತ್ತಿರ ಹೋದೆ. ಅವರು ಕುರ್ಚಿಗೆ ಒರಗಿ, "ಯಾಕಮ್ಮ ಫೈಲು? ನನ್ನ ಮೇಲೆ ನಂಬಿಕೆ ಇಲ್ವಾ?" ಅಂದರು. ನಾನು ಮೇಷ್ಟ್ರ ಎದುರು ನಿಂತ ಹುಡುಗಿಯ ಹಾಗೆ, "ಹಾಗಲ್ಲ ಸಾರ್," ಅಂದು ಎದ್ದು ಬಂದೆ. ಲಿಫ್ಟಿನ ಹತ್ತಿರ ನಿಂತಾಗ ನನ್ನ ಮೇಲೇ ಸಿಟ್ಟು ಬಂತು.

ಮನೆಗೆ ಬಂದು ಅರ್ಜಿ ಬರೆದೆ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಸೇರಿಸಿದೆ: ಕೇಸ್ ಶೀಟು, ಒಪ್ಪಿಗೆ ಪತ್ರ, ಆಪರೇಷನ್ ನೋಟ್ಸ್, ನರ್ಸುಗಳ ಬರಹ, ಎಕ್ಸ್‌ರೇ, ಸ್ಕ್ಯಾನು, ಆಪರೇಷನ್ನಿಗೆ ಮುಂಚೆ ತೆಗೆದ ಫೋಟೋಗಳು. ನನ್ನ ಆಸ್ಪತ್ರೆ ನಂಬರು ಮೇಲೆ ಬರೆದೆ. ಎರಡು ಪ್ರತಿ. ಕೌಂಟರಿನಲ್ಲಿ ಅರ್ಜಿ ತೆಗೆದುಕೊಂಡರೂ ಎರಡನೇ ಪ್ರತಿಗೆ ಸೀಲು ಹಾಕಲು ಒಪ್ಪಲಿಲ್ಲ. "ಇದು ಕನ್ನಡದಲ್ಲಿದೆಯಲ್ಲ ಮೇಡಂ," ಅಂದರು. "ಹೌದು, ನನ್ನ ದವಡೆ ಕನ್ನಡದ್ದೇ," ಅಂದುಬಿಟ್ಟೆ. ಪಕ್ಕದಲ್ಲಿ ನಿಂತವರು ನಕ್ಕರು. ಸೀಲು ಮಾತ್ರ ಬೀಳಲಿಲ್ಲ. ನಂದಗುಡಿಯ ಅಂಚೆ ಕಚೇರಿಯಿಂದ ಅದೇ ಅರ್ಜಿಯನ್ನು ಸ್ವೀಕೃತಿ ಚೀಟಿ ಸಮೇತ ಕಳಿಸಿದೆ. ಚೀಟಿ ಸಹಿಯಾಗಿ ವಾಪಸ್ ಬಂತು. ಉತ್ತರ ಬರಲಿಲ್ಲ. ಮೂರು ವಾರ ಕಾದು, ಆ ಚೀಟಿಯ ಜೆರಾಕ್ಸ್ ಲಗತ್ತಿಸಿ, ಇನ್ನೂ ಕೊಡದಿದ್ದರೆ ವೈದ್ಯರ ಪರಿಷತ್ತಿಗೆ ಬರೆಯುತ್ತೇನೆ ಅಂತ ಇನ್ನೊಂದು ಕಾಗದ ಹಾಕಿದೆ. ಆ ವಾರವೇ ಫೋನು ಬಂತು.

ರೆಕಾರ್ಡ್ ರೂಮು ನೆಲಮಾಳಿಗೆಯಲ್ಲಿತ್ತು. ಅಲ್ಲಿ ಕೂತಿದ್ದ ವಯಸ್ಸಾದ ಹೆಂಗಸು ನನ್ನ ಗುರುತಿನ ಚೀಟಿ ನೋಡಿ, ದಪ್ಪ ಲಕೋಟೆಯೊಂದನ್ನೂ ಒಂದು ಸೀಡಿಯನ್ನೂ ಕೊಟ್ಟು ಪುಸ್ತಕದಲ್ಲಿ ಸಹಿ ತೆಗೆದುಕೊಂಡರು. "ಕೂತ್ಕೊಂಡು ಹಾಳೆ ಎಲ್ಲಾ ಇದೆಯಾ ನೋಡ್ಕೊಳಮ್ಮ," ಅಂತ ಸ್ಟೂಲು ಎಳೆದು ಕೊಟ್ಟರು.

ಅಲ್ಲೇ ಓದಿದೆ. ವೈದ್ಯರ ಕೈಬರಹ, ಇಂಗ್ಲಿಷು, ಅರ್ಧ ತಿಳಿಯಲಿಲ್ಲ. ಆದರೆ ಆಪರೇಷನ್ ನೋಟ್ಸಿನ ಎರಡನೇ ಪುಟದಲ್ಲಿ ನಾಲ್ಕು ಸಾಲು ಸ್ಪಷ್ಟವಾಗಿತ್ತು. ಎಡಗಡೆ ನರ ಮೂಳೆಗೆ ಅಂಟಿಕೊಂಡಿತ್ತು. ಬಿಡಿಸುವಾಗ ತುಂಡಾಯಿತು. ಹೊಲಿಯಲಿಲ್ಲ, ತುದಿಗಳನ್ನು ಹತ್ತಿರ ಇಟ್ಟು ಮುಚ್ಚಲಾಯಿತು. ಅದರ ಕೆಳಗೆ: ರೋಗಿಯ ಮನೆಯವರಿಗೆ ತಿಳಿಸಲಾಗಿದೆ.

ಎರಡು ವರ್ಷ ನಾನು ದಿನಾ ಬೆಳಗ್ಗೆ ಸೆರಗು ಹಿಡಿದು ಕಾದಿದ್ದು ಮೊದಲ ದಿನವೇ ತುಂಡಾಗಿ ಹೋದ ನರಕ್ಕೆ. ಹಾಳೆಗೆ ಗೊತ್ತಿತ್ತು. ಕಪಾಟಿಗೆ ಗೊತ್ತಿತ್ತು. ಆ ಕೊನೆಯ ಸಾಲನ್ನು ಮತ್ತೆ ಮತ್ತೆ ಓದಿದೆ. ಮನೆಯವರು ಅಂದರೆ ಆ ದಿನ ಥಿಯೇಟರಿನ ಹೊರಗೆ ಕೂತಿದ್ದವರು ಒಬ್ಬರೇ.

ಗಂಡ ಮೊದಲ ಪಾಳಿ ಮುಗಿಸಿ ಮೂರೂವರೆಗೆ ಬಂದರು. ಹಾಳೆಯನ್ನು ಊಟದ ತಟ್ಟೆಯ ಪಕ್ಕ ಇಟ್ಟೆ.

"ರೀ, ಇಲ್ಲಿ ಓದಿ. ನಿಮಗೆ ಹೇಳಿದ್ರಾ?"

ಅವರು ಓದಿದರು. ಎದ್ದು ಹೋಗಿ, ಆಗಲೇ ತೊಳೆದಿದ್ದ ಕೈಯನ್ನು ಮತ್ತೆ ತೊಳೆದರು. ಬಂದು ಕೂತರು.

"ಒಬ್ಬ ಚಿಕ್ಕ ಡಾಕ್ಟ್ರು ಹೊರಗೆ ಬಂದ್ರು. ನರಕ್ಕೆ ಪೆಟ್ಟಾಗಿದೆ ಅಂದ್ರು. ತುಂಡಾಗಿದೆ ಅನ್ನಲಿಲ್ಲ. ಈಗ್ಲೇ ಅವರಿಗೆ ಹೇಳ್ಬೇಡಿ, ಧೈರ್ಯ ಕೆಡುತ್ತೆ, ಆರು ತಿಂಗಳು ನೋಡೋಣ ಅಂದ್ರು."

"ಆರು ತಿಂಗಳಾದ್ಮೇಲೆ?"

"ಆಮೇಲೆ ಹೇಳೋದು ಹೆಂಗೆ ಅಂತಾನೇ ಗೊತ್ತಾಗ್ಲಿಲ್ಲ ಕಣೇ. ನೀನು ದಿನಾ ಕನ್ನಡಿ ಮುಂದೆ ನಿಂತ್ಕೊಳ್ತಿದ್ದೆ. ನಂಗೆ ನೋಡೋಕಾಗ್ದೆ ಹೊರಗೆ ಹೋಗ್ಬಿಡ್ತಿದ್ದೆ. ಬಂದ್ರೂ ಬರಬಹುದು ಅಂತ ನಾನೂ ಕಾಯ್ತಿದ್ದೆ."

ಕೂಗಾಡಿದ್ದರೆ ಚೆನ್ನಾಗಿತ್ತು. ಮಗಳನ್ನು ಕರೆದುಕೊಂಡು ಬಸ್ ಹತ್ತಿ ಅಮ್ಮನ ಹತ್ತಿರ ಹೋದೆ. ಶನಿವಾರ ಭಾನುವಾರ ಅಲ್ಲೇ ಇದ್ದೆ. ಗಂಡನ ಮೇಲಿನ ಸಿಟ್ಟಿಗಿಂತ ಹೆಚ್ಚಾಗಿ ಕಾಡಿದ್ದು ಆ ಮೊದಲಿನ ನಾಲ್ಕೈದು ತಿಂಗಳು. ಡಾಕ್ಟರಮ್ಮನಿಗೆ ಫೋನಿನಲ್ಲಿ ಆ ಸಾಲುಗಳನ್ನು ಓದಿ ಹೇಳಿದ್ದೆ. ಅವರು, "ಮೊದಲ ಕೆಲವು ತಿಂಗಳಲ್ಲಿ ಬಂದಿದ್ರೆ ಹೊಲಿಯೋಕೆ ಪ್ರಯತ್ನ ಪಡಬಹುದಿತ್ತಮ್ಮ. ಪೂರ್ತಿ ಬರ್ತಿತ್ತು ಅಂತ ಹೇಳಲ್ಲ. ಈಗ ತಡವಾಯ್ತು," ಅಂದಿದ್ದರು. ಆ ತಿಂಗಳುಗಳಲ್ಲಿ ನಾನು ಏನು ಮಾಡುತ್ತಿದ್ದೆ ಅಂತ ಒಂದೊಂದೇ ದಿನವನ್ನು ನೆನಪು ಮಾಡಿಕೊಂಡೆ. ಶಾಲೆ ಶುರುವಾಗಿತ್ತು. ಗೌರಿ ಹಬ್ಬಕ್ಕೆ ಸೀರೆ ತಂದಿದ್ದೆವು. ದಸರಾ ರಜೆಯಲ್ಲಿ ಸುಮ್ಮನೆ ಮನೆಯಲ್ಲಿ ಕೂತಿದ್ದೆ. ಸುಮ್ಮನೆ ಕೂತಿದ್ದೆನಲ್ಲ!

ಸೋಮವಾರ ಅಮ್ಮನ ಮನೆಯಿಂದಲೇ ಶಾಲೆಗೆ ಹೋದೆ. ಸೀಡಿಯನ್ನು ಅಲ್ಲಿನ ಹಳೇ ಕಂಪ್ಯೂಟರಿನಲ್ಲಿ ಹಾಕಿ ನೋಡಿದೆ. ನಾನು ಜೀವನವಿಡೀ ತಪ್ಪಿಸಿಕೊಂಡಿದ್ದ ಫೋಟೋ ಅಲ್ಲಿತ್ತು. ಪಕ್ಕಕ್ಕೆ ತಿರುಗಿ, ಕೂದಲು ಕಿವಿಯ ಹಿಂದೆ ಸಿಕ್ಕಿಸಿ, ಗದ್ದ ಎತ್ತಿ ನಿಂತ ನಾನು. ಅಪ್ಪ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಹೊಲದ ಕಡೆ ನೋಡುವಾಗ ಹೀಗೇ ಕಾಣುತ್ತಿದ್ದರು. ಅದನ್ನು ಫೋನಿಗೆ ಹಾಕಿಸಿಕೊಂಡು ಅಮ್ಮನಿಗೆ ತೋರಿಸಿದೆ. ಅಮ್ಮ ಫೋನನ್ನು ಹತ್ತಿರ ದೂರ ಮಾಡಿ ನೋಡಿ, "ಎಲ್ಲಿತ್ತೇ ಇದು?" ಅಂತ ಕೇಳಿ, ಸೆರಗಿನಿಂದ ಗಾಜು ಒರೆಸಿದಳು. ಆಮೇಲೆ ನನ್ನ ಈಗಿನ ಗದ್ದ ಮುಟ್ಟಿದಳು, ಎಡಗಡೆ. ಮುಟ್ಟಿದ್ದು ಕಂಡಿತು, ತಿಳಿಯಲಿಲ್ಲ. ಆ ಫೋಟೋದಲ್ಲಿದ್ದವಳನ್ನು ಎಷ್ಟು ಬಯ್ದಿದ್ದೆ ನಾನು. ಅವಳನ್ನು ಒಂದು ದಿನಕ್ಕಾದರೂ ವಾಪಸ್ ಕರೆಯುವ ಹಾಗಿದ್ದರೆ ಅಂತ ಈಗಲೂ ಅನ್ನಿಸುತ್ತದೆ.

ಗಂಡ ಅದೇ ಸಂಜೆ ಊರಿಗೆ ಬಂದರು. ಅಮ್ಮ ಕೊಟ್ಟ ಕಾಫಿ ಕುಡಿದು, ಲೋಟ ಕೆಳಗಿಡದೆ, "ತಪ್ಪು ನಂದೂ ಇದೆ. ಸರ್ಜನ್ ಹತ್ರ ನಾನೂ ಬರ್ತೀನಿ. ನನ್ನೆದುರಿಗೇ ಕೇಳು," ಅಂದರು.

ಹೋದೆವು. ಈ ಸಲ ನಾನು ಹಾಳೆಯನ್ನು ಮೇಜಿನ ಮೇಲೆ ಹರಡಿ, ಆ ಸಾಲಿನ ಮೇಲೆ ಬೆರಳಿಟ್ಟೆ.

"ಸಾರ್, ಇದನ್ನ ನನಗ್ಯಾಕೆ ಹೇಳಲಿಲ್ಲ?"

"ನಿಮ್ಮ ಮನೆಯವರಿಗೆ ಹೇಳಿದ್ವಲ್ಲಮ್ಮ."

"ದವಡೆ ನನ್ನದಲ್ವಾ ಸಾರ್?"

ಅವರು ಗಂಡನ ಕಡೆ ನೋಡಿದರು. ಗಂಡ, "ನನ್ನ ನೋಡ್ಬೇಡಿ ಡಾಕ್ಟ್ರೇ, ಅವಳು ಕೇಳ್ತಿರೋದು," ಅಂದರು. ಸರ್ಜನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇಂಥ ಆಪರೇಷನ್ನಿನಲ್ಲಿ ಹೀಗಾಗುವುದುಂಟು, ಒಪ್ಪಿಗೆ ಪತ್ರದಲ್ಲಿ ಅದನ್ನು ಬರೆದಿದೆ ಅಂದರು. ಬರೆದಿತ್ತು, ಫೈಲು ಸಿಕ್ಕ ಮೇಲೆ ನಾನೂ ನೋಡಿದ್ದೆ, ಮೂರನೇ ಹಾಳೆಯಲ್ಲಿ. "ಆಗೋದು ಬೇರೆ ಸಾರ್. ಆದ್ಮೇಲೆ ಆರು ತಿಂಗಳಲ್ಲಿ ಬರುತ್ತೆ ಅಂತ ನನ್ನ ಮುಖ ನೋಡ್ಕೊಂಡು ಹೇಳಿದ್ರಲ್ಲ, ಅದು ಬೇರೆ." ಅವರು ಹಾಳೆಯನ್ನು ನನ್ನ ಕಡೆಗೆ ಸರಿಸಿ, ಮೆಲ್ಲಗೆ, "ಹೇಳಬೇಕಿತ್ತು," ಅಂದರು. ಆ ಒಂದು ಮಾತಿಗೆ ನಾನು ಅಲ್ಲಿ ಅಳುತ್ತೇನೆ ಅಂದುಕೊಂಡಿರಲಿಲ್ಲ.

ಆಸ್ಪತ್ರೆಗೆ ಬರವಣಿಗೆಯಲ್ಲಿ ದೂರು ಕೊಟ್ಟೆ. ವಿಷಾದಿಸುತ್ತೇವೆ ಅಂತ ನಾಲ್ಕು ಸಾಲಿನ ಉತ್ತರ ಬಂತು. ಯಾವುದಕ್ಕೆ ವಿಷಾದ ಅಂತ ಅದರಲ್ಲಿಲ್ಲ. ಗ್ರಾಹಕರ ಆಯೋಗಕ್ಕೂ ಅರ್ಜಿ ಹಾಕಿದ್ದೇನೆ. ಅದು ನಡೆಯುತ್ತಿದೆ. ಹಲ್ಲಿನ ವಿಷಯದಲ್ಲಿ ಡಾಕ್ಟರಮ್ಮ ಆ ಸ್ಕ್ಯಾನುಗಳನ್ನು ನೋಡಿ, ಮತ್ತೆ ಕೊಯ್ಯುವುದು ಬೇಡ, ಕ್ಲಿಪ್ಪಿನಲ್ಲೇ ಆದಷ್ಟು ಕೂಡಿಸೋಣ ಅಂದರು. ಒಂದೂವರೆ ವರ್ಷ ಹಿಡಿಯಿತು. ಈಗ ಎರಡೂ ಕಡೆ ಅಗಿಯುತ್ತೇನೆ, ತಲೆನೋವು ಕಡಿಮೆಯಾಗಿದೆ. ತುಟಿ ಹಾಗೇ ಇದೆ. ಗಂಡನ ಜೊತೆ ಮಾತು ಮೊದಲಿನಂತಾಗಲು ಕ್ಲಿಪ್ಪಿಗಿಂತ ಹೆಚ್ಚು ದಿನ ಬೇಕಾಯಿತು.

ಹೋದ ವರ್ಷ ಅಮ್ಮನಿಗೆ ಕಣ್ಣಿನ ಪೊರೆ ತೆಗೆಸಬೇಕಾಗಿ ಬಂತು. ಹೊಸಕೋಟೆಯಲ್ಲೇ ತೋರಿಸಿದೆವು. ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ಅಮ್ಮನ ಕಣ್ಣಿಗೆ ಲೈಟು ಬಿಟ್ಟು ನೋಡಿ, ನನ್ನ ಕಡೆ ತಿರುಗಿ, "ಒಂದು ಕಣ್ಣಲ್ಲಿ ಹಿಂದಿನ ಪದರ ಸ್ವಲ್ಪ ವೀಕಿದೆ ಮೇಡಂ, ಪೊರೆ ತೆಗೆದ್ರೂ..." ಅಂತ ದನಿ ತಗ್ಗಿಸಿದರು.

"ಅಮ್ಮನಿಗೇ ಹೇಳಿ ಡಾಕ್ಟ್ರೇ. ಕನ್ನಡದಲ್ಲಿ ಹೇಳಿ, ಅರ್ಥವಾಗುತ್ತೆ," ಅಂದೆ.

ಅವರು ಸ್ಟೂಲನ್ನು ಅಮ್ಮನ ಎದುರಿಗೆ ಎಳೆದುಕೊಂಡು ಕೂತರು. ಅಮ್ಮ ಕೇಳಿಸಿಕೊಂಡಳು. "ಸೂಜಿಗೆ ದಾರ ಪೋಣಿಸೋದು ಆಗುತ್ತಾ?" ಅಂದಳು. ಆಗದೇ ಇರಬಹುದು ಅಂದರು. "ಬಸ್ಸಿನ ಬೋರ್ಡು?" ಕಾಣುತ್ತೆ ಅಂದರು. "ಹಸು ಕಾಲು ಎತ್ತೋದು ಕಾಣುತ್ತಾ, ಹಾಲು ಕರೀವಾಗ?" ಡಾಕ್ಟರು ನಕ್ಕು, ಅದು ಚೆನ್ನಾಗಿ ಕಾಣುತ್ತೆ ಅಂದರು. ಅಮ್ಮ ಸ್ವಲ್ಪ ಯೋಚಿಸಿ, "ಹಂಗಾದ್ರೆ ಮಾಡಪ್ಪ," ಅಂದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಅಮ್ಮ ಕಿಟಕಿ ಪಕ್ಕ ಕೂತಿದ್ದಳು. "ನನ್ನನ್ನೇ ಕೂರಿಸ್ಕೊಂಡು ಹೇಳಿದ್ನಲ್ಲ ಆ ಹುಡುಗ. ಒಳ್ಳೇದಾಗ್ಲಿ ಅವ್ನಿಗೆ," ಅಂದಳು. ನಾನು ಹೂಂ ಅಂದೆ. ನನಗೂ ಆ ಬೇಸಿಗೆಯಲ್ಲಿ, ಊದಿದ ಮುಖ ಹೊತ್ತು ಮಲಗಿದ್ದಾಗ, ಯಾರಾದರೂ ಮಂಚದ ಪಕ್ಕ ಹೀಗೆ ಸ್ಟೂಲು ಎಳೆದುಕೊಂಡು ಕೂತಿದ್ದರೆ ಅಂತ ಅನ್ನಿಸಿತು. ಧೈರ್ಯ ಕೆಡುತ್ತಿತ್ತು, ನಿಜ. ಎರಡು ದಿನ ಅಳುತ್ತಿದ್ದೆ. ಮೂರನೇ ದಿನ ಎದ್ದು, ಮುಂದೇನು ಅಂತ ಕೇಳುತ್ತಿದ್ದೆ.